ಖಾರ್ವಿಯ ಫೈಲು

ಸೊಹಾರ್ ಬಂದರಿನ ಹಿಂದೆ, ಎರಡನೇ ಮಹಡಿಯಲ್ಲಿ,
ಏಸಿ ಕೆಮ್ಮುವ ನನ್ನ ಕೋಣೆಗೆ
ಇಂದು ಬಂದಿದೆ ಮಾಧವ ಖಾರ್ವಿಯ ಫೈಲು.
ಹುದ್ದೆ ಸ್ಟೋರ್‌ಕೀಪರ್. ಊರು ಗಂಗೊಳ್ಳಿ. ವಯಸ್ಸು ಮೂವತ್ತಮೂರು.
ಕೋರಿಕೆ: ಇನ್ನೆರಡು ವರ್ಷ, ತಿಂಗಳಿಗೆ ಇನ್ನರವತ್ತು ರಿಯಾಲು.
ಮೂಲೆಯಲ್ಲಿ ಪೋತದಾರ್ ಸಾಹೇಬರ ಹಸಿರು ಶಾಯಿ:
‘ಅಷ್ಟು ಬಾಳುತ್ತಾನೆಯೇ? ಲೆಕ್ಕ ಹಾಕಿ ತಿಳಿಸಿ.’

ಫೈಲು ಹೇಳದ್ದು ಕಂಪನಿಗೆಲ್ಲ ಗೊತ್ತು.
ಅವನನ್ನು ಕರೆಸಿದ್ದು ನಟ್ಟು ಬೋಲ್ಟು ಎಣಿಸಲಿಕ್ಕಲ್ಲ.
ಶುಕ್ರವಾರದ ಲೀಗಿನಲ್ಲಿ ಪೈಪು ಕಂಪನಿಯವರು
ನಮ್ಮನ್ನು ನಲವತ್ತೊಂದಕ್ಕೆ ಉರುಳಿಸಿದ ರಾತ್ರಿ
ಧಣಿಗೆ ನಿದ್ದೆ ಹತ್ತಲಿಲ್ಲ.
ಯಾರೋ ಫೋನಿನಲ್ಲಿ ತೋರಿಸಿದರು:
ಕಂಬದ ದೀಪಗಳ ಕೆಳಗೊಂದು ಟೆನಿಸ್ ಬಾಲ್ ಪಂದ್ಯ,
ಬರಿಗಾಲ ಓಟ,
ಬೀಸುಬಲೆ ಎಸೆದ ಹಾಗೆ ಬಿಚ್ಚಿಕೊಳ್ಳುವ ತೋಳು,
ನಡುಗೂಟ ಎದ್ದು ಕೀಪರನ ಪಾದಕ್ಕೆ.
ಹದಿನೈದು ದಿನದಲ್ಲಿ ವೀಸಾ ಬಂತು.

ಮೊದಲ ವರ್ಷ ಮೂವತ್ತೆಂಟು ವಿಕೆಟ್.
ಸಂಬಳವನ್ನು ಭಾಗಿಸಿದೆ: ಒಂದಕ್ಕೆ ಐವತ್ತಾರು ರಿಯಾಲು,
ಎಂಟುನೂರ ನಲವತ್ತೆರಡು ಬೈಸಾ.
(ಈ ದೇಶದಲ್ಲಿ ಚುಕ್ಕಿಯ ಆಚೆ ಮೂರು ಮನೆ;
ಸಣ್ಣದೂ ತಪ್ಪಿಸಿಕೊಳ್ಳುವ ಹಾಗಿಲ್ಲ.)
ಎರಡನೇ ವರ್ಷ ಇಪ್ಪತ್ತೊಂದು; ಒಂದರ ಬೆಲೆ ನೂರು ದಾಟಿತು.
ಈ ವರ್ಷ ಒಂಬತ್ತು.
ಒಂದಕ್ಕೆ ಸರಿಯಾಗಿ ಇನ್ನೂರ ನಲವತ್ತು,
ಅವನೀಗ ಕೇಳುತ್ತಿರುವ ತಿಂಗಳ ಸಂಬಳ.

ಸ್ಲಿಪ್ಪಿನಲ್ಲಿ ನಿಲ್ಲುವವನು ನಾನೇ.
ಈ ವರ್ಷ ಅವನ ಚೆಂಡಿಗೆ ನಾನು ಬಿಟ್ಟ ನಾಲ್ಕು ಕ್ಯಾಚುಗಳನ್ನು
ಯಾವ ಕಾಲಮಿಗೆ ಹಾಕಲಿ?
ಸೇರಿಸಿದರೆ ಹದಿಮೂರು. ಬೆಲೆ ಇಳಿಯುತ್ತದೆ.
ಸೇರಿಸಲಿಲ್ಲ.

ಭುಜ ಹೋಗಿದೆ, ನಿಜ.
ಮರಳಿನಲ್ಲಿ ಓಡಿ, ಸಿಮೆಂಟಿನ ಮೇಲಿನ ಚಾಪೆಗೆ ಹೆಜ್ಜೆ ಕುಟ್ಟಿ,
ಪ್ರತಿ ಶನಿವಾರ ಎಡಗೈಯಲ್ಲಿ ಚಹಾ ಕುಡಿಯುತ್ತಾನೆ.
ಆದರೆ ಮೊನ್ನೆ ನಡುರಾತ್ರಿ ಮೂರನೇ ಪಂಪು ಒಡೆದಾಗ
ಕರೆಂಟಿಲ್ಲದ ಗೋದಾಮಿಗೆ ಒಬ್ಬನೇ ನುಗ್ಗಿ
ಕತ್ತಲಲ್ಲಿ ಬೆರಳಿನಿಂದಲೇ ಅಳೆದು
ಬೇಕಾದ ಸೀಲನ್ನು ತಂದವನು ಅವನೇ.
ಆ ಸೀಲಿನ ಬೆಲೆ ನಾಲ್ಕು ರಿಯಾಲು.
ನಿಂತಿದ್ದರೆ ಪ್ಲಾಂಟಿಗೆ ಗಂಟೆಗೆಷ್ಟು ನಷ್ಟವೋ,
ಅದನ್ನು ನನ್ನನ್ನು ಯಾರೂ ಕೇಳಿಲ್ಲ.

ಸಂಜೆ ಅವನೇ ಬಂದ, ಬಾಗಿಲಲ್ಲೇ ಚಪ್ಪಲಿ ಬಿಟ್ಟ.
‘ಅಣ್ಣ, ಬಾಲ್ ಹಾಕೂದ್ ಇನ್ನೆಷ್ಟ್ ದಿನ?
ಅದ್ ಬರೀಬೇಡಿ. ಸ್ಟೋರ್‌ಕೀಪರ್ ಅಂದೇ ಬರೀರಿ ಮಾರಾಯ್ರೆ,
ಸುಳ್ಳಿಗ್ ಬರ್ದಿದ್ದ್, ಈಗ ನಿಜ ಆಯಿತ್.’
ಎಂದು ನಕ್ಕ. ನನ್ನ ಮೇಜಿನ ಕಾಲು ಅಲ್ಲಾಡುವುದನ್ನು ನೋಡಿ
ಜೇಬಿನಿಂದ ಒಂದು ವಾಷರ್ ತೆಗೆದು ಕೆಳಗಿಟ್ಟು ಹೋದ.

ಬಾಳುವುದು ಎಂದರೆ ನಮ್ಮ ಭಾಷೆಯಲ್ಲಿ ಬೆಲೆಯೂ ಹೌದು,
ಬದುಕುವುದೂ ಹೌದು.
ಹಸಿರು ಶಾಯಿ ಯಾವುದನ್ನು ಕೇಳಿತ್ತು?
ಎರಡು ವರ್ಷ ಕೊಡಬಹುದು ಎಂದು ಬರೆದೆ.
ಅರವತ್ತರ ಜಾಗದಲ್ಲಿ ಐವತ್ತು ಎಂದೂ ಬರೆದೆ.
ಏನನ್ನೂ ಕತ್ತರಿಸದ ಲೆಕ್ಕಿಗನನ್ನು ಯಾರು ನಂಬುತ್ತಾರೆ?
ಆ ಹತ್ತಕ್ಕೆ ನನ್ನಲ್ಲಿ ಬೇರೆ ಕಾರಣವಿಲ್ಲ.

ಶುಕ್ರವಾರ. ಸಮುದ್ರದ ಕಡೆಯ ಗಾಳಿ.
ಮೊದಲಿನ ವೇಗವಿಲ್ಲ; ಬೆರಳು ಅಡ್ಡ ಸವರಿ
ನಿಧಾನದ ಒಂದು ಚೆಂಡು ಹಾಕಿದ.
ಅಂಚಿಗೆ ತಾಗಿ, ತಗ್ಗಿನಲ್ಲಿ, ನನ್ನ ಎಡಕ್ಕೆ.
ಹಿಡಿದೆ.
ಅವನು ಓಡಿಬಂದು ನನ್ನನ್ನು ಎತ್ತಿಯೇ ಬಿಟ್ಟ,
ಅದೇ ನೋಯುವ ಭುಜದ ಮೇಲೆ.
ಪತ್ರ ಅವನ ಕೈಗೆ ಸಿಗುವುದು ಭಾನುವಾರ.