ನಲ್ಲಿ ಕಟ್ಟಿದ ಬೆಳಗು

ಮಲ್ಪೆಯಲ್ಲಿ ನೀರು ಹೆಪ್ಪುಗಟ್ಟಿ ಪೈಪು ನಿಂತಿತೆಂದರೆ
ಯಾರು ನಂಬುತ್ತಾರೆ ಹೇಳಿ?
ಡಿಸೆಂಬರಿನಲ್ಲೂ ಫ್ಯಾನು ಹಾಕಿ ಮಲಗುವ ಊರು.
ಚಳಿಯೆಂದರೆ ಇಲ್ಲಿ ತೆಂಗಿನೆಣ್ಣೆ
ಬಾಟಲಿಯ ಕುತ್ತಿಗೆಯಲ್ಲಿ ಬೆಳ್ಳಗೆ ಕೂತುಕೊಳ್ಳುವುದು, ಅಷ್ಟೇ.
ಅದೂ ಎಂಟು ಗಂಟೆಯ ಬಿಸಿಲಿಗೆ ಎದ್ದುಹೋಗುತ್ತದೆ.

ಪಾವ್ಲು ಮೇಸ್ತ್ರಿ ಫೋನಿನಲ್ಲೇ ನಕ್ಕ.
"ಕಸ ಕಟ್ಟಿದ್ದು ನೋಡಿದ್ದೇನೆ ಅಕ್ಕಾ, ಬೇರು ಹೊಕ್ಕಿದ್ದು,
ಒಮ್ಮೆ ಒಂದು ಕಪ್ಪೆ, ಜೀವ ಇತ್ತು ಅದಕ್ಕೆ.
ಇದೆಂತ ಮಾರಾಯ್ತಿ, ನಿಮ್ಮದು ಕಾಶ್ಮೀರವಾ?"
ಆದರೂ ಬಂದ. ಸ್ಕೂಟರಿನ ಸೀಟಿನಡಿ ಸ್ಪ್ಯಾನರುಗಳ ಗಲಗಲ.
ಪೈಪಿನ ಮೇಲೆ ಕೈಯಿಟ್ಟ.
ತೆಗೆದ.
ಇನ್ನೊಂದು ಕೈ ಇಟ್ಟು ನೋಡಿದ.

ನಮ್ಮ ಬಚ್ಚಲಿಗೂ ಐಸ್ ಪ್ಲಾಂಟಿಗೂ ಒಂದೇ ಗೋಡೆ.
ಇಪ್ಪತ್ತಡಿ ಪೈಪು ಉಳಿಸಲೆಂದು ಮನೆಯ ಧಣಿ
ಉಪ್ಪುನೀರಿನ ತೊಟ್ಟಿಗೆ ಒರಗಿಸಿಯೇ ಲೈನು ಎಳೆಸಿದ್ದ.
ಥರ್ಮೊಕೋಲು ಕಿತ್ತುಹೋದ ಒಂದು ಮೊಳ ಜಾಗದಲ್ಲಿ
ನಮ್ಮ ನೀರಿಗೂ ಅವರ ಚಳಿಗೂ ನಡುವೆ
ಬರೀ ಸುಣ್ಣ.

ಬೆಂಕಿ ತೋರಿಸಬೇಡ, ಒಡೆಯುತ್ತದೆ, ಎಂದರು ಅತ್ತೆ.
ಜ್ವರಕ್ಕೆ ತಣ್ಣೀರ ಪಟ್ಟಿ, ಚಳಿಗೆ ಬಿಸಿನೀರ ಪಟ್ಟಿ,
ಎಲ್ಲ ಒಂದೇ ಬಾಣಂತನ.
ಬಿಸಿನೀರಿಗೆ ಮೊದಲು ನೀರು ಬೇಕಲ್ಲ;
ಬೇಬಿಯಕ್ಕನ ಬಾವಿಯಿಂದ ಎರಡು ಕೊಡ ತಂದೆ,
ಹಂಡೆಗೆ ಸುರಿದೆ, ಗೆರಟೆ ಒಟ್ಟಿ ಕಾಯಿಸಿದೆ.
ಇವರ ಹಳೆಯ ಲುಂಗಿ ಹರಿದು ಪೈಪಿಗೆ ಸುತ್ತಿ
ನಲ್ಲಿಯ ಕಡೆಯಿಂದ ಗೋಡೆಯ ಕಡೆಗೆ
ಚೊಂಬು ಚೊಂಬಾಗಿ ಹೊಯ್ದೆ.
ಲುಂಗಿಯ ನೀಲಿ ಚೌಕಗಳಿಂದ ಹಬೆ ಎದ್ದಿತು,
ಅದರ ಜೊತೆ ಡೀಸೆಲಿನ, ಬಂಗುಡೆಯ ಹಳೆಯ ವಾಸನೆ
ಎಷ್ಟು ಒಗೆದರೂ ಹೋಗದ್ದು.

ಕಂಪ್ರೆಸರು ರಾತ್ರಿಯಿಡೀ ಓಡಿದರೆ ಮಾತ್ರ ನಲ್ಲಿ ಕಟ್ಟುತ್ತದೆ.
ಕಂಪ್ರೆಸರು ರಾತ್ರಿಯಿಡೀ ಓಡುವುದು
ದೊಡ್ಡ ಬೋಟುಗಳಿಗೆ ಐಸು ತುಂಬಿಸಬೇಕಾದಾಗ.
ಹೊರಡುವ ದಿನವನ್ನು ಇವರು ಬಾಯಿಬಿಟ್ಟು ಹೇಳುವುದಿಲ್ಲ.
ಹೇಳಿದರೆ ಗಾಳಿ ಕೇಳಿಸಿಕೊಳ್ಳುತ್ತದಂತೆ.
ನಾನೂ ಕೇಳುವುದಿಲ್ಲ.
ಬೆಳಿಗ್ಗೆ ನಲ್ಲಿ ತಿರುಗಿಸಿ, ಬರೀ ಉಸಿರು ಬಂದರೆ,
ಚೀಲಕ್ಕೆ ಲುಂಗಿ ಎರಡು, ಸ್ವೆಟರು ಒಂದು,
ಹೊಟ್ಟೆಯುರಿಯ ಮಾತ್ರೆ, ಚಾರ್ಜರು,
ಉಪ್ಪಿನಕಾಯಿಯ ಬಾಟಲಿಗೆ ಪ್ಲಾಸ್ಟಿಕ್ ಕಟ್ಟಿ ದಾರ ಬಿಗಿಯುತ್ತೇನೆ.
ಐಸು ಇರುವಷ್ಟು ದಿನವೇ ಇವರ ಕಡಲು.
ಹತ್ತು ದಿನವೋ, ಹನ್ನೊಂದೋ,
ಕರಗುತ್ತ ಬಂದಾಗ ಬೋಟು ತಲೆ ತಿರುಗಿಸುತ್ತದೆ.

ಗೋಡೆಯಾಚೆ ಕ್ರಶರು ಶುರುವಾಯಿತು,
ದೊಡ್ಡ ದವಡೆಯೊಂದು ಕಲ್ಲುಸಕ್ಕರೆ ಕಡಿದ ಹಾಗೆ.
ಅದೇ ಹೊತ್ತಿಗೆ ನಮ್ಮ ನಲ್ಲಿ
ಒಮ್ಮೆ ಕೆಮ್ಮಿತು, ಎರಡನೇ ಸಲ ಕೆಮ್ಮಿ
ಬೆರಳುದ್ದದ ಮಂಜಿನ ಕಡ್ಡಿಯೊಂದನ್ನು ಬಕೆಟಿಗೆ ಉಗುಳಿತು.
ಋತ್ವಿ ನಾನು ನೋಡುವ ಮೊದಲೇ ಬಾಯಿಗೆ ಹಾಕಿಕೊಂಡಳು.
"ಹೇಗುಂಟು?"
"ಕಬ್ಬಿಣ," ಎಂದಳು, ಉಗುಳಲಿಲ್ಲ.

ಆಮೇಲೆ ನೀರು.
ಮೊದಲು ಕೆಂಪಗೆ, ಮತ್ತೆ ಮಾಮೂಲು.

ಪಾವ್ಲು ಟೇಪು ಹಿಡಿದು ಗೋಡೆ ಅಳೆದ.
"ಲೈನು ಈ ಕಡೆಯಿಂದ ತರುವಾ, ಸಾವಿರದೆಂಟುನೂರು,
ಮತ್ತೆ ಜನ್ಮದಲ್ಲಿ ಕಟ್ಟುವುದಿಲ್ಲ."
ಮಳೆಗಾಲ ಬರಲಿ, ಬೋಟು ನಿಲ್ಲುವಾಗ ನೋಡುವಾ ಎಂದೆ.
"ಮಳೆಗಾಲದಲ್ಲಿ ಪ್ಲಾಂಟೇ ಬಂದ್ ಅಲ್ವಾ,
ಆಗ ಇದರ ಉಪದ್ರ ಎಲ್ಲಿ?" ಎಂದು ತಲೆ ಕೆರೆದುಕೊಂಡ.
ಚಹಾ ಕುಡಿದ. ದುಡ್ಡು ಬೇಡವೆಂದ, ಎರಡು ಸಲ.
ಸ್ಕೂಟರು ಹತ್ತಿದವನು ಮತ್ತೆ ಇಳಿದು ಬಂದು ಹೇಳಿದ:
"ರಾತ್ರಿ ನಲ್ಲಿ ಚೂರು ಬಿಟ್ಟು ಮಲಗಿ ಅಕ್ಕಾ.
ಹನಿ ಹನಿ ಹೋಗುತ್ತಿದ್ದರೆ ಸಾಕು.
ಓಡಾಡುವ ನೀರು ಕಟ್ಟುವುದಿಲ್ಲ."

ಸಂಜೆ ಇವರು ಚೀಲ ನೋಡಿ ಏನೂ ಹೇಳಲಿಲ್ಲ,
ಜಿಪ್ಪು ಮಾತ್ರ ಎಳೆದು ನೋಡಿದರು.

ಮೂರನೆಯ ರಾತ್ರಿ ಪಾತ್ರೆ ತೊಳೆದು,
ದೀಪ ಆರಿಸುವ ಮುಂಚೆ
ಬಚ್ಚಲಿಗೆ ಹೋಗಿ
ನಲ್ಲಿಯನ್ನು ಗಟ್ಟಿಯಾಗಿ,
ಒಂದು ಹನಿಯೂ ಬೀಳದ ಹಾಗೆ ತಿರುಗಿಸಿ ಬಂದೆ.