ಹಾರ್ಗ್ರೋವ್ ವಿರುದ್ಧ ಹಾರ್ಗ್ರೋವ್

ಥಂಡರ್ ಬೇ, ಜನವರಿ. ಮೂರನೇ ಮಹಡಿಯ ಕೌಟುಂಬಿಕ ನ್ಯಾಯಾಲಯ.
ಹೊರಗೆ ಸರೋವರ ಹೆಪ್ಪುಗಟ್ಟಿದೆ,
ದಡ ಯಾವುದು ನೀರು ಯಾವುದು ಹೇಳಲಾಗದು.
ನಾನು ಇಲ್ಲಿ ಗುಮಾಸ್ತೆ, ಮುದ್ರೆ ಒತ್ತುವವಳು.
ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮನೆ
ಎರಡು ಹೋಳಾಗಿ ನನ್ನ ಮೇಜು ದಾಟಿದವೋ
ಲೆಕ್ಕವಿಟ್ಟಿಲ್ಲ.

ರೇಯೋ ಹಕ್ಕಲಾ, ಕಾಗದದ ಗಿರಣಿಯವನು.
ವಕೀಲರ ಒಂದು ತಾಸಿಗೆ ಅವನ ಎರಡು ದಿನದ ಕೂಲಿ.
ಹಾಗಾಗಿ ರಾತ್ರಿಪಾಳಿ ಮುಗಿಸಿ
ಟ್ರಕ್ಕಿನಲ್ಲೇ ಕೂತು, ಹೀಟರ್ ಹಾಕಿ,
ಫೋನಿನೊಳಗಿನ ಯಂತ್ರಕ್ಕೆ ಹೇಳಿಕೊಂಡ:
ಮಗಳು ಐಲಾ, ಏಳು ವರ್ಷ.
ಬುಧವಾರವೊಂದು ನನಗೆ ಬೇಕು.

ಯಂತ್ರ ಬೇಸರಿಸಲಿಲ್ಲ, ಗಡಿಯಾರ ನೋಡಲಿಲ್ಲ.
ಹನ್ನೊಂದು ಪುಟ ಬರೆದುಕೊಟ್ಟಿತು,
ಅಲ್ಪವಿರಾಮಕ್ಕೂ ಇಸ್ತ್ರಿ ಹಾಕಿದಂತೆ.
‘ಗೌರವಪೂರ್ವಕ ನಿವೇದಿಸುವುದೇನೆಂದರೆ...’
ರೇಯೋ ಜನ್ಮದಲ್ಲಿ ಏನನ್ನೂ ನಿವೇದಿಸಿದವನಲ್ಲ.

ಎದುರುಪಕ್ಷ ಡಾರ್ಲೀನ್. ಅವಳ ಉತ್ತರದಲ್ಲೂ
ಅದೇ ಇಸ್ತ್ರಿಯ ಗೆರೆ.
ಒಂದೇ ಬಾಯಿ ಎರಡು ಕಡೆ ಕೂತು
ತನ್ನೊಂದಿಗೆ ತಾನೇ ಜಗಳವಾಡುತ್ತಿತ್ತು,
ಎಷ್ಟೊಂದು ಸಭ್ಯವಾಗಿ!

ನ್ಯಾಯಾಧೀಶೆ ಪ್ರೂಡೊಮ್ ಕನ್ನಡಕ ತೆಗೆದರು.
“ಏಳನೇ ಪುಟ. ಹಾರ್ಗ್ರೋವ್ ವಿರುದ್ಧ ಹಾರ್ಗ್ರೋವ್.
ಹುಡುಕಿಸಿದೆ. ಇಂಥದೊಂದು ಮೊಕದ್ದಮೆ
ಈ ದೇಶದಲ್ಲಿ ನಡೆದೇ ಇಲ್ಲ.”
ಹುಡುಕಿದವಳು ನಾನೇ.
ನೆಲಮಾಳಿಗೆಯ ಹಳೇ ಸಂಪುಟದವರೆಗೂ ಇಳಿದಿದ್ದೆ.
ಹಾರ್ಗ್ರೋವ್ ಇರಬೇಕಾದ ಪುಟದಲ್ಲಿ
ಯಾರದೋ ಬೇಲಿಯ ತಕರಾರು.

ರೇಯೋನ ಕಿವಿ ಕೆಂಪಾಯಿತು.
“ಅದು ಹೇಳ್ತು. ನಾನು ನಂಬಿದೆ.”
ಈ ಕೋಣೆಗೆ ಬಂದ ಗಂಡಹೆಂಡಿರೆಲ್ಲ
ಒಬ್ಬರ ಬಗ್ಗೆ ಒಬ್ಬರು ಹೇಳಿದ್ದೂ ಅದನ್ನೇ.

“ಕಾಗದ ಕೆಳಗಿಡಿ. ನೀವೇ ಹೇಳಿ,
ಬುಧವಾರವೇ ಯಾಕೆ?”

ತುಸು ಹೊತ್ತು ಬರೀ ಬಿಸಿನೀರಿನ ಕೊಳವೆಯ ಗೊರಗೊರ.
ಆಮೇಲೆ,
“ಬುಧವಾರ ಸ್ಕೇಟಿಂಗು. ಲೇಸು ಕಟ್ಟಬೇಕು ಅವಳಿಗೆ.
ಇವಳು ಒಂದೇ ಗಂಟು ಹಾಕ್ತಾಳೆ, ಬಿಚ್ಚಿಹೋಗುತ್ತೆ.
ನಾನು ಜೋಡಿಗಂಟು, ಹೀಗೆ...”
ಅವನ ಕೈ ಗಾಳಿಯಲ್ಲಿ ಕಟ್ಟಿ ತೋರಿಸಿತು,
ಸಣ್ಣ ಕಾಲೊಂದು ಅಲ್ಲಿರುವಂತೆ.
ಯಾರೂ ಕೇಳದೆ ಡಾರ್ಲೀನ್ ಅಂದಳು:
“ಬಿಚ್ಚೋಕಾಗಲ್ಲ ಅದು. ಎರಡು ಸಲ ಕತ್ತರಿ ತಗೊಂಡೆ.”
ಒಬ್ಬರನ್ನೊಬ್ಬರು ನೋಡಿದ್ದು
ಆ ಬೆಳಿಗ್ಗೆ ಅದೇ ಮೊದಲು.
ನಗಲಿಲ್ಲ. ಬೈಯಲೂ ಇಲ್ಲ.

ತೀರ್ಪು ಫೆಬ್ರವರಿಗೆ ಹೋಯಿತು.

ಊಟದ ವೇಳೆ ಬ್ರೆಡ್ಡು ಮುರಿಯುತ್ತ ಯೋಚಿಸಿದೆ
ಆ ಇಲ್ಲದ ಹಾರ್ಗ್ರೋವ್ ಮಗುವನ್ನು.
ಹೆಸರಿಲ್ಲ. ಹುಟ್ಟಿದ್ದು ಟ್ರಕ್ಕಿನಲ್ಲಿ,
ರಾತ್ರಿಪಾಳಿ ಮುಗಿದ ಹೊತ್ತಿಗೆ.
ಹೋದದ್ದು ಹನ್ನೊಂದೂವರೆಗೆ, ನಮ್ಮೆಲ್ಲರ ಕಣ್ಣೆದುರು.
ಆದರೂ ಅದರ ಅಪ್ಪನಿಗೆ ಬುಧವಾರ ಸಿಕ್ಕಿತ್ತಲ್ಲ,
ಮೇಲ್ಮನವಿಯಿಲ್ಲದೆ, ಖರ್ಚುವೆಚ್ಚವಿಲ್ಲದೆ,
ಪ್ರತಿ ಬುಧವಾರ!

ಕಡತದಿಂದ ಪುಟ ಕೀಳಲು ನಮ್ಮಲ್ಲಿ ನಿಯಮವಿಲ್ಲ.
ತಾರೀಖು ತಿರುಗಿಸಿ ಒತ್ತಿದೆ:
ಸ್ವೀಕರಿಸಲಾಗಿದೆ.