ಮಾಲನಬಿಯ ಆರೈಕೆ

ಮೇ ಎರಡನೆಯ ವಾರ, ಸೋಲಾಪುರ.
ಮೂರು ದಿನ ಊರಿಗೆ ಹೋಗಿ ಬಂದೆ, ಅಷ್ಟೇ.
ಹಿತ್ತಲ ದಾಸವಾಳ ಕರಿದ ಹಪ್ಪಳ.
ನಂದಿಬಟ್ಟಲ ಎಲೆಯಂಚಿಗೆಲ್ಲ ಬೀಡಿ ತಾಗಿಸಿದ ಹಾಗೆ.
ಗುಲಾಬಿ, ಅದನ್ನು ಕೇಳಬೇಡಿ.

ಹೊಲಿಗೆಯವಳು ನಾನು, ಕೆಟ್ಟದ್ದು ಕಂಡರೆ
ಕೈ ಕತ್ತರಿಗೇ ಹೋಗುತ್ತದೆ.
ಗುಲಾಬಿಯನ್ನು ಗೇಣುದ್ದಕ್ಕೆ ಇಳಿಸಿ
ದಾಸವಾಳಕ್ಕೆ ಬಾಯಿ ಹಚ್ಚಿದ್ದೆನೋ ಇಲ್ಲವೋ
ಗೋಡೆಯಾಚೆಯಿಂದ ಕೂಗು:
"ಏ ಗುರುಬಾಯಿ, ಥಾಂಬ!"

ಮಾಲನಬಿ. ಹೆರಿಗೆ ವಾರ್ಡಿನಲ್ಲಿ
ಮೂವತ್ತೊಂದು ವರ್ಷ ಆಯಾ.
ಈಗ ಪಿಂಚಣಿ, ಮಂಡಿನೋವು.
ಆದರೂ ಗೋಡೆ ಹತ್ತಿಯೇ ಇಳಿದಳು.

ಹೆಬ್ಬೆರಳ ಉಗುರಿಂದ ಕೊಂಬೆ ಕೆರೆದಳು.
ಕಂದು. ಇನ್ನಷ್ಟು ಕೆಳಗೆ. ಕಂದು.
ಮಣ್ಣಿಗೆ ನಾಲ್ಕು ಬೆರಳಿರುವಾಗ
ಹೆಸರುಕಾಳಿನ ಸಿಪ್ಪೆಯಷ್ಟು ಹಸಿರು.
"ನಾಡಿ ಐತಿ," ಅಂದಳು.

"ಸುಟ್ಟ ಎಲಿ ಇರಲಿ, ಅವ ಇದರ ಸೆರಗು.
ಗೊಬ್ಬರ ಬ್ಯಾಡ. ಜ್ವರ ಬಂದಾಕಿಗೆ
ಹೋಳಿಗಿ ತಿನ್ನಸ್ತಾರೇನ? ಗಂಜಿ ಕುಡಸ್ತಾರ."

ನಲ್ಲಿ ಬರುವುದು ಐದು ದಿನಕ್ಕೊಮ್ಮೆ.
ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು
ಸಂಜೆ, ಕಲ್ಲು ತಣಿದ ಮೇಲೆ, ಬುಡಕ್ಕೆ.
ಹಳೆಯ ಸಲೈನ್ ಬಾಟಲಿಯೊಂದನ್ನು
ಬಟ್ಟೆ ಒಣಹಾಕುವ ತಂತಿಗೆ ತೂಗಿ
ಗಾಲಿ ತಿರುವಿ ಎಣಿಸಿದಳು: ಹನಿ. ಹನಿ.
ಚಟ್ನಿ ಕುಟ್ಟುವವರ ಮನೆಯಿಂದ ಒಂದು ಚೀಲ
ಶೇಂಗಾ ಸಿಪ್ಪೆ, ಬೇರಿಗೆ ಹೊದಿಕೆ.
ನಮ್ಮತ್ತೆಯ ಸವೆದ ಚಾದರ,
ನವಿಲು ಮಾಸಿದ್ದು, ಪಡುವಣ ಬಿಸಿಲಿಗೆ ಅಡ್ಡ.

ನಂದಿಬಟ್ಟಲು ತಾನಾಗಿಯೇ ಎದ್ದುಕೊಂಡಿತು
ಯಾರ ಹಂಗೂ ಇಲ್ಲದಂತೆ.
ಗುಲಾಬಿ ಬರಲಿಲ್ಲ.
ಮಾಲನಬಿ ಏನೂ ಅನ್ನಲಿಲ್ಲ, ಕತ್ತರಿಯನ್ನು ಮಾತ್ರ
ಒಳಗೆ ಇಟ್ಟು ಬಂದಳು.

ಮಿರಗ ಕೂಡುವ ಹೊತ್ತಿಗೆ
ದಾಸವಾಳದ ಗೆಣ್ಣಲ್ಲಿ ಎಳ್ಳಿನಷ್ಟು ಹಸಿರು.
ಆಮೇಲೆ ಅದಕ್ಕೇ ಅವಸರ: ಎಲೆ, ಎಲೆ,
ತುದಿಯಲ್ಲಿ ಕೆಂಪು ಇಣುಕುವ ಒಂದು ಮೊಗ್ಗು.
ನಾನು ಕುಣಿಯುವುದೊಂದು ಬಾಕಿ.
ಅವಳು ಬಂದಳು, ನೋಡಿದಳು, ಚಿವುಟಿದಳು.
"ಹಡಿಯೋ ತ್ರಾಣ ಇಲ್ಲಿನ್ನ ಇದಕ್ಕ.
ಮೊದಲ ತಾಯಿ ಉಳೀಲಿ."
ಎಷ್ಟು ಸಲ ಅಂದಿದ್ದಳೋ ಆ ಮಾತನ್ನು,
ಯಾವ ಯಾವ ಬಾಗಿಲ ಹೊರಗೆ.
ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋದಳು.

ಮೊಗ್ಗನ್ನು ಮಶೀನಿನ ಮೇಲಿಟ್ಟು ಮರೆತೆ,
ದಾರದುಂಡೆಗಳ ನಡುವೆ.
ಬೆಳಿಗ್ಗೆ ಅಲ್ಲೇ, ನೀರೂ ಇಲ್ಲದೆ,
ಅರಳಿತ್ತು. ಪೂರಾ. ಕೆಂಪು.
ಗೋಡೆಯಾಚೆ ಅವಳ ಕೆಮ್ಮು.
ಕರೆಯಲೋ ಬೇಡವೋ ಎನ್ನುತ್ತ
ಸೂಜಿಗೆ ದಾರ ಪೋಣಿಸುತ್ತಲೇ ಕೂತೆ.